ಟಿಕೆಟ್ಟಿನ ತೂಕ

ಒಂಬತ್ತನೇ ತರಗತಿಗೆ ಗುರುತ್ವದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಕೇಳುವ ಪ್ರಶ್ನೆಯೊಂದಿದೆ. ‘ಭೂಮಿಯ ಮೇಲೆ ಅರವತ್ತು ಕಿಲೋ ತೂಗುವ ನಿಮ್ಮ ಮೇಷ್ಟ್ರು ಚಂದ್ರನ ಮೇಲೆ ಸ್ಪ್ರಿಂಗ್ ತ್ರಾಸಿನಲ್ಲಿ ಎಷ್ಟು ತೂಗುತ್ತಾರೆ?’ ‘ಹತ್ತು ಕಿಲೋ ಸಾರ್’ ಎಂದು ಮುಂದಿನ ಬೆಂಚಿನವರು ಕೂಗುತ್ತಾರೆ. ‘ಹಾಗಾದರೆ ಉಳಿದ ಐವತ್ತು ಕಿಲೋ ಮೇಷ್ಟ್ರು ಎಲ್ಲಿಗೆ ಹೋದರು?’ ಎಂದರೆ ಹಿಂದಿನ ಬೆಂಚಿನವರು ನಗುತ್ತಾರೆ. ಮೇಷ್ಟ್ರು ಎಲ್ಲಿಗೂ ಹೋಗಿರುವುದಿಲ್ಲ. ದ್ರವ್ಯರಾಶಿ ಇದ್ದಷ್ಟೇ ಇರುತ್ತದೆ. ಎದುರಿಗಿರುವ ಕಾಯ ಎಷ್ಟು ಬಲವಾಗಿ ಎಳೆಯುತ್ತದೆ ಎಂಬುದರ ಮೇಲೆ ತೂಕ ನಿಂತಿದೆ, ಅಷ್ಟೆ. 2023ರ ಮಾರ್ಚ್ 3, ಶುಕ್ರವಾರ ಸಂಜೆ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಗೇಟಿನ ಮುಂದೆ ಇದೇ ಪಾಠವನ್ನು ನನ್ನ ವಿದ್ಯಾರ್ಥಿಯೊಬ್ಬ ನನಗೇ ತಿರುಗಿಸಿ ಹೇಳಿದ. ಆ ಪ್ರಸಂಗ ಇನ್ನೂ ನನ್ನ ಮನಸ್ಸಿನಲ್ಲಿ ಅರಗಿಲ್ಲ.

ನಮ್ಮದು ದೊಡ್ಡಬಳ್ಳಾಪುರ. ನೇಕಾರರ ಊರು. ನಮ್ಮ ಬೀದಿಗಳಲ್ಲಿ ಬೆಳಗಾಗುವುದು ಕೋಳಿ ಕೂಗಿ ಅಲ್ಲ, ವಿದ್ಯುತ್ ಮಗ್ಗದ ಸದ್ದಿಗೆ. ಇಲ್ಲಿಯ ಹುಡುಗರಿಗೆ ಕಬಡ್ಡಿ ಗೊತ್ತು, ಕ್ರಿಕೆಟ್ ಗೊತ್ತು. ಫುಟ್‌ಬಾಲ್ ಎಂಬುದು ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಶಾಲೆಯ ಬೀರುವಿನಲ್ಲಿ ಗಾಳಿ ಹೋಗಿ ಬಿದ್ದಿರುತ್ತಿದ್ದ ಒಂದು ವಸ್ತು. ದೈಹಿಕ ಶಿಕ್ಷಣದ ಮೇಷ್ಟ್ರು ವರ್ಷಕ್ಕೊಮ್ಮೆ ಅದಕ್ಕೆ ಗಾಳಿ ತುಂಬಿಸಿ ಲೆಕ್ಕ ತಪಾಸಣೆಯವರಿಗೆ ತೋರಿಸಿ ಮತ್ತೆ ಒಳಗಿಡುತ್ತಿದ್ದರು.

ಬೆಂಗಳೂರಿನ ಮಾತು ಬೇರೆ. ದಂಡು ಪ್ರದೇಶದ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಮುಂತಾದ ಕಡೆ ಮನೆಗೊಬ್ಬ ಆಟಗಾರನಿದ್ದ ಕಾಲವಿತ್ತು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನನ್ನ ಸೋದರಮಾವನಿಗೆ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಕೆಲಸ. 1977ರಲ್ಲಿ ಐ.ಟಿ.ಐ. ತಂಡ ಎರ್ನಾಕುಲಂನಲ್ಲಿ ಮೋಹನ್ ಬಾಗಾನನ್ನು 1–0ಯಿಂದ ಸೋಲಿಸಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದಾಗ ಮಾವ ನಮ್ಮ ಮನೆಗೆ ಮೈಸೂರು ಪಾಕಿನ ಪೊಟ್ಟಣ ತಂದಿದ್ದರು. ಅವರೇನೂ ಆಡಿದವರಲ್ಲ, ರಿಲೇ ಜೋಡಿಸುವ ವಿಭಾಗದಲ್ಲಿದ್ದವರು. ಆದರೂ ‘ನಾವು ಗೆದ್ದೆವು’ ಎಂದರು. ಪಕ್ಕದ ಬೆಂಚಿನಲ್ಲಿ ಕೂತು ಊಟ ಮಾಡುವವನು ಗೋಲು ಹೊಡೆದರೆ ‘ನಾವು’ ಎನ್ನುವುದಕ್ಕೆ ಟಿಕೆಟ್ಟಾಗಲೀ ಅಂಗಿಯಾಗಲೀ ಬೇಕಿರಲಿಲ್ಲ. ಕಾರ್ಖಾನೆಗಳ ತಂಡಗಳು ಒಂದೊಂದಾಗಿ ಕಳೆಗುಂದಿದ ಮೇಲೆ ಆ ‘ನಾವು’ ಕೂಡ ಎಲ್ಲೋ ಕರಗಿಹೋಯಿತು.

ಆ ಜಾಗಕ್ಕೆ 2013ರಲ್ಲಿ ಬಂದದ್ದು ಬೆಂಗಳೂರು ಎಫ್‌.ಸಿ. ಉಕ್ಕಿನ ವ್ಯಾಪಾರದ ಜೆ.ಎಸ್‌.ಡಬ್ಲ್ಯು. ಸಂಸ್ಥೆಯವರು ಕಟ್ಟಿದ ಹೊಸ ತಂಡ. ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಜೊತೆ ಮೊದಲ ಲೀಗ್ ಪಂದ್ಯ, 1–1ರ ಸಮ. ಮರು ವರ್ಷ ಏಪ್ರಿಲ್‌ನಲ್ಲಿ ಮಡಗಾಂವಿನಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಆಡಿದ ಮೊದಲ ಋತುವಿನಲ್ಲೇ ಐ–ಲೀಗ್ ಪ್ರಶಸ್ತಿ. ನಾಯಕ ಸುನಿಲ್ ಛೆಟ್ರಿ. ನೂರು ವರ್ಷ ಹಳೆಯ ಕಲ್ಕತ್ತಾ ತಂಡಗಳ ಎದುರಿಗೆ ಕಾಲು ಮೂಡದ ಕೂಸು ಓಡಿ ಗೆದ್ದ ಹಾಗಾಯಿತು. ಕ್ರೀಡಾಂಗಣದ ಪಶ್ಚಿಮ ಭಾಗದ ಮೆಟ್ಟಿಲುಗಳ ಮೇಲೆ ನಿಂತು ತೊಂಬತ್ತು ನಿಮಿಷವೂ ಹಾಡುತ್ತಿದ್ದ ಹುಡುಗರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಾದರು. ತಂಡ ಕಂಠೀರವಕ್ಕೆ ಬಂದ ಮೇಲೂ ಆ ಹೆಸರು ಜೊತೆಗೇ ಬಂತು. ನನ್ನ ಮಗನಿಗೂ ಆ ಜ್ವರ ತಗುಲಿತು. ನಮ್ಮ ಮನೆಯ ಗೋಡೆಯ ಮೇಲೆ ಆವರ್ತ ಕೋಷ್ಟಕವಿದ್ದ ಜಾಗದಲ್ಲಿ ನೀಲಿ ಅಂಗಿಯ ಛೆಟ್ರಿ ಬಂದು ನಿಂತ. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಇದೇನು ಕಡಿಮೆ ಪಲ್ಲಟವಲ್ಲ.

ಆದರೆ ಹೊಸ ತಂಡಕ್ಕೆ ಒಂದು ಕೊರತೆ ಇರುತ್ತದೆ: ಹಳೆಯ ಹಗೆ ಇರುವುದಿಲ್ಲ. ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ, ಈಸ್ಟ್ ಬೆಂಗಾಲ್ 1920ರಲ್ಲಿ. ಅವರ ಜಗಳಕ್ಕೆ ಮೂರು ತಲೆಮಾರಿನ ಕಥೆಗಳಿವೆ. ಬೆಂಗಳೂರಿಗೆ ಅಂಥ ಎದುರಾಳಿ ಸಿಕ್ಕಿದ್ದು 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿದ ಮೇಲೆ. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಆಡಿ 3–1ರಿಂದ ಗೆದ್ದರು. ಹಳದಿ ಅಂಗಿಯ ಅವರ ಅಭಿಮಾನಿಗಳ ದಂಡಿಗೆ ‘ಮಂಜಪ್ಪಡ’ ಎಂದು ಹೆಸರು, ಹಳದಿ ಪಡೆ ಎಂದರ್ಥ. ಬೆಂಗಳೂರಿನಲ್ಲಿ ಓದುವ, ದುಡಿಯುವ ಮಲಯಾಳಿಗಳು ಎಷ್ಟೊಂದು ಮಂದಿ! ಕೇರಳ ತಂಡ ಬಂದ ದಿನ ಕಂಠೀರವದಲ್ಲಿ ಊರು ನಮ್ಮದು, ಕೂಗು ಅವರದು ಎನ್ನುವ ಸ್ಥಿತಿ. ಬೇರೆ ಪಂದ್ಯಗಳಿಗೆ ಆಟ ಶುರುವಾಗುವ ಹೊತ್ತಿಗೆ ಹೋದರೂ ಕೂರಲು ಜಾಗ ಸಿಗುತ್ತಿತ್ತು. ಈ ಪಂದ್ಯಕ್ಕೆ ಮಾತ್ರ ಟಿಕೆಟ್ ಬಿಟ್ಟ ಗಳಿಗೆಯಲ್ಲೇ ಫೋನ್ ಹಿಡಿದು ಕೂರಬೇಕೆಂದು ಮಗ ಹೇಳುತ್ತಿದ್ದ.

ನಮ್ಮ ಊರಿನಲ್ಲೂ ಒಂದು ಪುಟ್ಟ ಕೇರಳವಿದೆ. ಬಸ್ ನಿಲ್ದಾಣದ ಹತ್ತಿರದ ಬೇಕರಿ. ಅದರ ಮಾಲೀಕರನ್ನು ಊರೆಲ್ಲ ‘ಚೇಟಾ’ ಎನ್ನುತ್ತದೆ, ಅವರು ನನ್ನನ್ನು ‘ಮಾಷೇ’ ಎನ್ನುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಕಣ್ಣೂರಿನ ಕಡೆಯಿಂದ ಬಂದವರು. ಅವರ ಮಗ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದ. ಕನ್ನಡ ವ್ಯಾಕರಣದಲ್ಲಿ ತರಗತಿಗೆ ಮೊದಲಿಗ, ಫುಟ್‌ಬಾಲ್ ವಿಷಯಕ್ಕೆ ಬಂದರೆ ಅಪ್ಪಟ ಹಳದಿ. ಅವನ ಜೀವದ ಗೆಳೆಯ ಒಬ್ಬ ನೇಕಾರರ ಹುಡುಗ, ಅವನು ನೀಲಿ. ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಯುದ್ಧ ಮಾಡುತ್ತಿದ್ದರು. ಒಮ್ಮೆ ನಾನು ಆ ಹಾಳೆ ಕಿತ್ತುಕೊಂಡು ನೋಡಿದರೆ ಎರಡೂ ತಂಡಗಳ ಹನ್ನೊಂದು ಹನ್ನೊಂದು ಹೆಸರು, ಒಂದಕ್ಷರ ತಪ್ಪಿಲ್ಲದೆ. ಅದೇ ವಾರ ಆಮ್ಲಗಳ ಹೆಸರು ಬರೆಯಿರಿ ಎಂದಾಗ ಇಬ್ಬರೂ ಆಕಾಶ ನೋಡಿದ್ದರು.

ಆ ವರ್ಷದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಈ ಜೋಡಿ, ಜೊತೆಗೆ ಇನ್ನೊಬ್ಬ ಹುಡುಗ ಸೇರಿ ಹಳೆಯ ಮಗ್ಗದ ಮೋಟಾರಿನಿಂದ ಒಂದು ಮಾದರಿ ಮಾಡಿ ತಾಲ್ಲೂಕಿನಲ್ಲಿ ಬಹುಮಾನ ತಂದರು. ಖುಷಿಯಲ್ಲಿ ‘ನಿಮಗೆ ಏನು ಬೇಕೋ ಕೇಳಿ’ ಎಂದು ಬಾಯಿ ತಪ್ಪಿ ಅಂದೆ. ದಶರಥನ ಕಾಲದಿಂದಲೂ ದೊಡ್ಡವರು ಮಾಡುತ್ತಿರುವ ತಪ್ಪು. ‘ಬೆಂಗಳೂರು–ಕೇರಳ ಮ್ಯಾಚು ಸಾರ್’ ಎಂದರು ಮೂವರೂ ಒಟ್ಟಿಗೆ.

ಲೀಗಿನ ಕೊನೆಯಲ್ಲಿ ಬೆಂಗಳೂರು ನಾಲ್ಕನೆಯ ಸ್ಥಾನ, ಕೇರಳ ಐದನೆಯದು. ಮಾರ್ಚ್ 3ರಂದು ಕಂಠೀರವದಲ್ಲಿ ಗೆದ್ದವರು ಸೆಮಿಫೈನಲಿಗೆ, ಸೋತವರು ಮನೆಗೆ. ಮಗ ಐದು ಟಿಕೆಟ್ ಹಿಡಿದ. ದುಡ್ಡು ನನ್ನದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ‘ಫೋನಿನಲ್ಲಿ ತೋರಿಸಿದರೆ ಸಾಕಪ್ಪ’ ಎಂದ ಮಗ. ನನಗೆ ನಂಬಿಕೆ ಇಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿ ಐದು ಹಾಳೆ ಮುದ್ರಿಸಿ, ಹಾಲ್ ಟಿಕೆಟ್ ಹಂಚಿದಂತೆ ಒಬ್ಬೊಬ್ಬರ ಕೈಗೂ ಕೊಟ್ಟೆ. ಪೋಷಕರ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡೆ.

ಇನ್ನೊಂದು ಎಚ್ಚರಿಕೆಯನ್ನೂ ತೆಗೆದುಕೊಂಡೆ. ಮೂರು ವಾರದ ಹಿಂದೆ, ಫೆಬ್ರವರಿ 11ರಂದು, ಇದೇ ಎರಡು ತಂಡಗಳ ಪಂದ್ಯದ ದಿನ ಕಂಠೀರವದ ಮೆಟ್ಟಿಲುಗಳ ಮೇಲೆ ಎರಡೂ ಕಡೆಯ ಕೆಲವರು ಕೈ ಕೈ ಮಿಲಾಯಿಸಿದ್ದರು. ನನ್ನ ತಲೆಗೆ ಕಲ್ಕತ್ತಾ ಬಂತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳ ಗಲಭೆಯಲ್ಲಿ ಹದಿನಾರು ಮಂದಿ ಸತ್ತರು. ಆಟ ನೋಡಲು ಹೋದ ಹುಡುಗರು. ಬೇಕರಿಯ ಹುಡುಗ ಹಳದಿ ಅಂಗಿ ತೊಟ್ಟು ಬಸ್ ನಿಲ್ದಾಣಕ್ಕೆ ಬಂದವನನ್ನು ನಿಲ್ಲಿಸಿ, ‘ಅದನ್ನು ಬಿಚ್ಚಿ ಬ್ಯಾಗಿಗೆ ಹಾಕು, ಶಾಲೆಯ ಅಂಗಿ ಹಾಕಿಕೋ’ ಎಂದೆ. ಅವನ ಮುಖ ಬಾಡಿತು. ‘ನನ್ನ ಮಗ ನೀಲಿ ಹಾಕಿಕೊಂಡಿದ್ದಾನಲ್ಲ’ ಎಂದು ಅವನು ಕೇಳಲಿಲ್ಲ, ಒಳ್ಳೆಯ ಹುಡುಗ. ಬೆಂಗಳೂರಿಗೆ ಹೋಗಿ ನೋಡಿದರೆ ಕಬ್ಬನ್ ಪಾರ್ಕಿನ ಮೆಟ್ರೊ ನಿಲ್ದಾಣದಿಂದಲೇ ಎಲ್ಲೆಲ್ಲೂ ಹಳದಿ, ಹರಿಶಿನದ ಸಂತೆಗೆ ಬಂದ ಹಾಗೆ. ಗಂಡು ಹೆಣ್ಣು, ತೋಳಿನ ಕೂಸು, ನರ್ಸಿಂಗ್ ಕಾಲೇಜಿನ ಹುಡುಗಿಯರ ಗುಂಪು. ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ನೀಲಿಯವರು ಡೋಲು ಬಡಿದರೆ ಹಳದಿಯವರು ಅದೇ ತಾಳಕ್ಕೆ ಕುಣಿಯುತ್ತಿದ್ದರು. ಬೇಕರಿಯ ಹುಡುಗ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಗೇಟಿನ ಹತ್ತಿರ ಸಾಲಿನಲ್ಲಿ ನಿಂತಿದ್ದಾಗ ಆ ಯುವಕ ಬಂದ. ಹಳದಿ ಅಂಗಿ, ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ ಇನ್ನೂ ತೂಗಾಡುತ್ತಿತ್ತು. ನಾಲ್ಕು ಜನ ಗೆಳೆಯರು, ಮೂರೇ ಟಿಕೆಟ್ಟಂತೆ. ಹರಕು ಕನ್ನಡದಲ್ಲಿ ಸಾಲಿನ ಒಬ್ಬೊಬ್ಬರನ್ನೇ ಕೇಳುತ್ತ ಬಂದು ನೇಕಾರರ ಹುಡುಗನ ಮುಂದೆ ನಿಂತ. ‘ಒಂದು ಟಿಕೆಟ್ ಕೊಡ್ತೀಯಾ ತಮ್ಮಾ? ಸಾವಿರ ಕೊಡ್ತೀನಿ.’ ಹುಡುಗ ಹಾಳೆಯನ್ನು ಎದೆಗೆ ಅವುಚಿಕೊಂಡ. ‘ಸಾವಿರದೈನೂರು.’ ಹುಡುಗ ಸುಮ್ಮನಿದ್ದ. ಘಾಟಿ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನೋಡಿದವರಿಗೆ ಈ ಸುಮ್ಮನಿರುವುದರ ಬೆಲೆ ಗೊತ್ತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದಲ್ಲಾಳಿ ಕಾಯುತ್ತಾನೆ. ಆದರೆ ಈ ಹುಡುಗ ಚೌಕಾಸಿ ಮಾಡುತ್ತಿರಲಿಲ್ಲ, ಅವನಿಗೆ ಮಾತು ಹೊರಡಲಿಲ್ಲ ಅಷ್ಟೆ. ‘ಎರಡು ಸಾವಿರ’ ಎಂದು ಆ ಯುವಕ ನೋಟುಗಳನ್ನೇ ಹೊರಗೆ ತೆಗೆದ. ನಾನು ಕೊಟ್ಟದ್ದರ ಎಷ್ಟೋ ಪಟ್ಟು.

ಹುಡುಗ ನನ್ನ ಕಡೆ ತಿರುಗಿದ. ‘ಸಾರ್, ಕೊಟ್ಬಿಡ್ಲಾ? ನಾನು ಆಚೆ ಪಾರ್ಕಲ್ಲಿ ಕೂತಿರ್ತೀನಿ. ಕೂಗು ಕೇಳ್ಸುತ್ತಲ್ಲ ಸಾರ್, ಗೋಲ್ ಯಾರ್ದು ಅಂತ ಗೊತ್ತಾಗುತ್ತೆ.’

ನನಗೆ ಸಿಟ್ಟು ಬಂತು. ಟಿಕೆಟ್ಟನ್ನು ಕಾಳಸಂತೆಯಲ್ಲಿ ಮಾರುವುದು ತಪ್ಪು, ಅದೂ ಮೇಷ್ಟ್ರ ಎದುರಿಗೆ, ಅದೂ ಬಹುಮಾನವಾಗಿ ಬಂದದ್ದು. ಹದಿನಾಲ್ಕು ವರ್ಷದ ಹುಡುಗನನ್ನು ಕತ್ತಲಲ್ಲಿ ಪಾರ್ಕಿನಲ್ಲಿ ಬಿಟ್ಟು ನಾನು ಒಳಗೆ ಕೂರುವುದಾದರೂ ಹೇಗೆ? ಇವೆಲ್ಲ ಸರಿಯಾದ ಕಾರಣಗಳೇ. ಆದರೆ ನನ್ನ ಬಾಯಿಂದ ಬಂದ ಮಾತು ಇವಾವುದೂ ಅಲ್ಲ. ‘ಅದು ನಾನು ಕೊಡಿಸಿದ ಟಿಕೆಟ್ಟು ಕಣೋ’ ಎಂದುಬಿಟ್ಟೆ. ಅವನು ತಲೆ ತಗ್ಗಿಸಿದ. ಯುವಕ ‘ಸಾರಿ ಸಾರ್’ ಎಂದು ಮುಂದೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಹುಡುಗ ಮೆಲ್ಲಗೆ, ‘ಸಾರ್, ಹೈದರಾಬಾದ್ ಮ್ಯಾಚಾಗಿದ್ರೆ ಇದನ್ನ ಪುಕ್ಕಟೆ ಕೊಟ್ರೂ ಯಾರೂ ತಗೋತಿರ್ಲಿಲ್ಲ. ನೀವು ಹೇಳ್ತೀರಲ್ಲ, ರಾಶಿ ಅಷ್ಟೇ ಇರುತ್ತೆ ತೂಕ ಬದಲಾಗುತ್ತೆ ಅಂತ, ಹಂಗೇ ಅಲ್ವಾ?’ ಎಂದ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆಗ ‘ಸಾಲಿನಲ್ಲಿ ಸರಿಯಾಗಿ ನಿಲ್ಲು’ ಎಂದೆ.

ಪ್ರಾಮಾಣಿಕವಾಗಿ ಹೇಳುವುದಾದರೆ ಕಾಳಸಂತೆಯ ಟಿಕೆಟ್ಟಿನ ಬಗ್ಗೆ ಮಾತಾಡುವ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ. ಬಿ.ಎಸ್ಸಿ. ಓದುವಾಗ ಮೆಜೆಸ್ಟಿಕ್ಕಿನ ಸಂತೋಷ್, ನರ್ತಕಿ, ಸಾಗರ್ ಚಿತ್ರಮಂದಿರಗಳ ಮುಂದೆ ಮೊದಲ ದಿನದ ಮೊದಲ ಆಟಕ್ಕೆ ಎರಡು ಪಟ್ಟು, ಮೂರು ಪಟ್ಟು ಕೊಟ್ಟು ನಾನೂ ಒಳಗೆ ನುಗ್ಗಿದವನೇ. ಊಟದ ದುಡ್ಡಿನಲ್ಲಿ. ಕೊಳ್ಳುವುದು ಅಭಿಮಾನ, ಮಾರುವುದು ಅಪರಾಧ ಎಂದು ನನ್ನೊಳಗೆ ಯಾರು ಬರೆದಿಟ್ಟರೋ ಗೊತ್ತಿಲ್ಲ.

ಆಟದ ವಿಷಯ. ತೊಂಬತ್ತು ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ನನಗೆ ಆಟಕ್ಕಿಂತ ಗಡಿಯಾರದ ಚಿಂತೆ. ಏಳೂವರೆಗೆ ಶುರುವಾದ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದರೆ ದೊಡ್ಡಬಳ್ಳಾಪುರದ ಬಸ್ಸು ತಪ್ಪುತ್ತದೆ. ಹೆಚ್ಚುವರಿ ಸಮಯಕ್ಕೇ ಹೋಯಿತು. 97ನೆಯ ನಿಮಿಷ. ಕೇರಳದ ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್. ಕೇರಳದ ಗೋಲಿ ಕೈ ಆಡಿಸುತ್ತ ತನ್ನ ಆಟಗಾರರನ್ನು ಗೋಡೆಯಾಗಿ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿನೊಳಕ್ಕೆ ತೇಲಿಸಿಬಿಟ್ಟ. ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ರೆಫರಿ ಗೋಲು ಎಂದರು.

ವಿದ್ಯಾರ್ಥಿಗಳು ನನ್ನನ್ನು ಆಮೇಲೆ ಬಹಳ ಸಲ ಕೇಳಿದ್ದಾರೆ, ಆದ್ದರಿಂದ ನಿಯಮವನ್ನು ಹೇಳುತ್ತೇನೆ. ಫುಟ್‌ಬಾಲಿನ ಹದಿಮೂರನೆಯ ನಿಯಮ ಫ್ರೀ ಕಿಕ್‌ನದು. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು. ‘ಅವರನ್ನು ದೂರ ಸರಿಸಿ’ ಎಂದು ಒದೆಯುವವನು ರೆಫರಿಯನ್ನು ಕೇಳಿಕೊಂಡರೆ ಸೀಟಿ ಊದುವ ತನಕ ಕಾಯಬೇಕು. ಕೇಳಿಕೊಳ್ಳದೆ ತಟ್ಟನೆ ಒದೆಯುವ ಹಕ್ಕೂ ಅವನಿಗಿದೆ. ಅಂದರೆ 9.15 ಮೀಟರ್ ಎಂಬುದು ಫ್ರೀ ಕಿಕ್ ಪಡೆದವನ ರಕ್ಷಣೆಗೆ, ಗೋಡೆ ಕಟ್ಟುವವರ ಅನುಕೂಲಕ್ಕಲ್ಲ. ರೆಫರಿ ಮೊದಲೇ ಛೆಟ್ರಿಗೆ ಕಾಯುವಂತೆ ಹೇಳಿದ್ದರು ಎಂದು ಕೇರಳದವರ ವಾದ, ತಟ್ಟನೆ ಒದೆಯುತ್ತೇನೆಂದು ತಿಳಿಸಿಯೇ ಒದ್ದೆ ಎಂದು ಛೆಟ್ರಿಯ ಮಾತು. ಬೇಕರಿಯ ಹುಡುಗನಿಗೂ ನನ್ನ ಮಗನಿಗೂ ಈ ವ್ಯಾಜ್ಯ ಇಂದಿಗೂ ಇತ್ಯರ್ಥವಾಗಿಲ್ಲ.

ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಹೊರಗೆ ಕರೆದರು. ಒಬ್ಬೊಬ್ಬರಾಗಿ ಅವರು ಮೈದಾನ ಬಿಟ್ಟು ಹೊರಟರು. ನೀಲಿಯವರು ಮೊದಲು ಕೂಗಿದರು, ಅಣಕಿಸಿದರು, ಹಾಡಿದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಮೈದಾನದಲ್ಲಿ ಬರೀ ನಮ್ಮ ಹನ್ನೊಂದು ಮಂದಿ, ಚೆಂಡು, ದೀಪದ ಬೆಳಕು. ಎದುರಿಗೆ ಯಾರೂ ಇಲ್ಲದ ಮೇಲೆ ಹಾಡು ತಾನಾಗಿ ಸೊರಗಿತು. ಡೋಲಿನವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೀರು ಕುಡಿಯಲು ಹೋದ. ಕೊನೆಗೆ ಪಂದ್ಯ ಬೆಂಗಳೂರಿನದೆಂದು ಘೋಷಿಸಿದರು, 1–0. ನಮ್ಮ ಪಕ್ಕದಲ್ಲಿದ್ದ ನೀಲಿ ಅಂಗಿಯ ಹಿರಿಯರೊಬ್ಬರು ಎದ್ದು, ಪಂಚೆ ಕೊಡವುವಂತೆ ಪ್ಯಾಂಟು ಕೊಡವಿ, ‘ಇನ್ನೂ ಇಪ್ಪತ್ತು ನಿಮಿಷ ಆಟ ಇತ್ತು ಕಣ್ರೀ’ ಎಂದರು. ಗೆದ್ದ ಕಡೆಯವರ ಮಾತು ಇದು.

ನನಗೆ ಆಗ ಗೇಟಿನ ಮುಂದಿನ ಯುವಕ ನೆನಪಾದ. ಟಿಕೆಟ್ಟಿಗೆ ಎರಡು ಸಾವಿರದ ತೂಕ ತಂದವನು ಅವನು, ಅವನಂಥವರು. ಹಳದಿಯವರು ಎದ್ದು ಹೋದ ಮೇಲೆ ನನ್ನ ಜೇಬಿನಲ್ಲಿದ್ದದ್ದು ಜೆರಾಕ್ಸ್ ಅಂಗಡಿಯ ಒಂದು ಹಾಳೆ. ಮಗನಿಗೆ ಇದನ್ನು ಹೇಳಿದರೆ ‘ಸುಮ್ನಿರಪ್ಪ, ಸೆಮಿಫೈನಲ್ ಬಂತಲ್ಲ’ ಎಂದ. ಅವನ ಮಾತೂ ಸರಿಯೇ. ಮುಂಬೈ ತಂಡವನ್ನು ಸೆಮಿಫೈನಲಿನಲ್ಲಿ ಪೆನಾಲ್ಟಿಗಳಲ್ಲಿ ಸೋಲಿಸಿ, ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಗಳಲ್ಲೇ ಫೈನಲ್ ಸೋತರು. ಆಟ ಬಿಟ್ಟು ಹೋದದ್ದಕ್ಕೆ ಕೇರಳ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧ ಬಿತ್ತು. ನಾಲ್ಕು ಕೋಟಿ! ನಮ್ಮ ಊರಿನಲ್ಲಿ ಎಷ್ಟು ಮಗ್ಗ ಬರುತ್ತವೆಂದು ನೇಕಾರರ ಹುಡುಗ ಲೆಕ್ಕ ಹಾಕಿದ್ದನಂತೆ.

ಮೆಜೆಸ್ಟಿಕ್ಕಿಗೆ ಬರುವಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು. ಸಿಟಿ ಬಸ್ಸು ಹಿಡಿದು ಯಲಹಂಕಕ್ಕೆ ಬಂದು ಇಳಿದಾಗ ರಾತ್ರಿ ಹನ್ನೊಂದೂಮುಕ್ಕಾಲು. ಬೇಕರಿಯ ಚೇಟಾ ತಮ್ಮ ಬ್ರೆಡ್ ಸಾಗಿಸುವ ವ್ಯಾನು ತಂದು ಕಾಯುತ್ತಿದ್ದರು. ಖಾಲಿ ಟ್ರೇಗಳ ನಡುವೆ ಹುಡುಗರು ಕೂತರು, ಉಳಿದಿದ್ದ ಬನ್ನುಗಳನ್ನು ಚೇಟಾ ಕೊಟ್ಟರು. ‘ಟೀಮ್ ಬಿಟ್ಟು ಬಂದಿದ್ದು ಸರೀನಾ ಮಾಷೇ?’ ಎಂದು ಕೇಳಿದರು. ‘ಆಟ ಮುಗಿಸಬೇಕಿತ್ತು’ ಎಂದೆ. ‘ಅನ್ಯಾಯ ಆದ್ರೂನಾ?’ ರಾಜಾನುಕುಂಟೆ ದಾಟುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅವರ ಮಗ ಬ್ಯಾಗಿನಿಂದ ಹಳದಿ ಅಂಗಿ ತೆಗೆದು ಹೊದ್ದುಕೊಂಡು ನಿದ್ದೆ ಹೋಗಿದ್ದ.

ಮರುದಿನ ಶನಿವಾರ ಇನ್ನೊಂದು ವಿಚಿತ್ರ ನಡೆಯಿತು. ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ ಬಂದ ಟ್ರೋಫಿ. ಸೋಮವಾರ ತರಗತಿಯಲ್ಲಿ ಕೇಳಿದೆ. ಒಬ್ಬನಿಗೂ ಗೊತ್ತಿರಲಿಲ್ಲ. ಶುಕ್ರವಾರದ ಫ್ರೀ ಕಿಕ್ ಬಗ್ಗೆ ಮಾತ್ರ ಹುಡುಗಿಯರ ಸಾಲಿನಲ್ಲೂ ಎರಡು ಪಕ್ಷ. ಬೈಯೋಣವೆಂದುಕೊಂಡೆ, ಆದರೆ ನನ್ನ ಮಗನಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಾದದ್ದೂ ಭಾನುವಾರದ ಪತ್ರಿಕೆ ನೋಡಿ. ನಮ್ಮ ರಾಜ್ಯದ ಹೆಸರು ಹೊತ್ತ ತಂಡಕ್ಕಿಂತ ಹತ್ತು ವರ್ಷದ ಕಂಪನಿ ತಂಡ ನಮಗೆ ಹತ್ತಿರವಾಗಿತ್ತು. ಮೇಘಾಲಯದವರ ಮೇಲೆ ನಮಗೆ ಯಾವ ಜಿದ್ದೂ ಇಲ್ಲದ್ದು ಒಂದು ಕಾರಣವಿರಬೇಕು. ನಮ್ಮ ಬಸ್ ನಿಲ್ದಾಣದಲ್ಲಿ ಮೇಘಾಲಯದವರ ಬೇಕರಿ ಇದ್ದಿದ್ದರೆ ಬೇರೆಯೇ ಆಗುತ್ತಿತ್ತೇನೋ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಫಲಿತಾಂಶದ ದಿನ ನೇಕಾರರ ಹುಡುಗನ ತಾಯಿ ಬಂದರು. ವಿಜ್ಞಾನದಲ್ಲಿ ಅವನಿಗೆ ಒಳ್ಳೆಯ ಅಂಕ ಬಂದಿತ್ತು, ಹೊಗಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನ ತುದಿ ಸುತ್ತುತ್ತ ಹೇಳಿದರು: ‘ಅವತ್ತು ರಾತ್ರಿ ಬಂದು ಹೇಳ್ದ ಸಾರ್, ಎರಡು ಸಾವಿರ ಬಿಟ್ಟು ಬಂದೆ ಕಣಮ್ಮ ಅಂತ. ನಾನು ಮನಸ್ಸಲ್ಲೇ ನಿಮ್ಮನ್ನ ಬೈಕೊಂಡೆ. ತಪ್ಪು ತಿಳ್ಕೋಬೇಡಿ.’ ಆ ತಿಂಗಳು ಅವರ ಮನೆಯ ಎರಡು ಮಗ್ಗಗಳಲ್ಲಿ ಒಂದನ್ನು ಗುಜರಿಗೆ ತೂಕಕ್ಕೆ ಹಾಕಿದ್ದರು. ನೂಲಿನ ಬೆಲೆ ಏರಿ, ಸೀರೆಗೆ ಕೇಳುವವರಿಲ್ಲದೆ ಕೊರೊನಾ ಕಾಲದಿಂದ ಮಾಡಿದ ಸಾಲ. ಆಕೆ ಗಾರ್ಮೆಂಟ್ಸಿಗೆ ಹೋಗಲು ಶುರು ಮಾಡಿದ್ದರು. ಎರಡು ಸಾವಿರವೆಂದರೆ ಆಕೆಯ ಐದು ದಿನದ ದುಡಿಮೆ. ಹುಡುಗ ಇದಾವುದನ್ನೂ ಗೇಟಿನ ಮುಂದೆ ನನಗೆ ಹೇಳಿರಲಿಲ್ಲ. ಕೂಗು ಕೇಳಿಸುತ್ತಲ್ಲ ಸಾರ್ ಎಂದಷ್ಟೇ ಅಂದಿದ್ದ.

‘ಟಿಕೆಟ್ ಮಾರೋದು ತಪ್ಪಲ್ವೇನಮ್ಮಾ’ ಎಂದೆ. ‘ತಪ್ಪೇ ಸಾರ್’ ಎಂದು ಆಕೆ ಒಪ್ಪಿಕೊಂಡರು. ಬಾಗಿಲ ತನಕ ಹೋದವರು ತಿರುಗಿ, ‘ನೀವು ಕೊಡ್ಸಿದ್ದು ಅಂದ್ರಂತೆ. ಕೊಟ್ಟ ಮೇಲೆ ಅವನದಲ್ವಾ ಸಾರ್?’ ಎಂದರು. ಕೋಪದಿಂದ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ನನ್ನ ಹೆಂಡತಿ ಹೇಳುವ ಪ್ರಕಾರ ನಾನು ಮಾಡಿದ್ದು ಸರಿ, ಹೇಳಿದ್ದು ತಪ್ಪು. ಅವನನ್ನು ಹೊರಗೆ ಬಿಡುವಂತಿರಲಿಲ್ಲ. ಆದರೆ ‘ನಾನು ಕೊಡಿಸಿದ್ದು’ ಎಂದ ಗಳಿಗೆಯಲ್ಲಿ ಬಹುಮಾನವನ್ನು ಕಿತ್ತುಕೊಂಡು ಸಾಲವಾಗಿ ಮಾಡಿದೆನಂತೆ. ಇರಬಹುದು. ಇನ್ನೂ ಒಂದು ಮಾತು ಅವಳು ಹೇಳಲಿಲ್ಲ, ನನಗೇ ಹೊಳೆಯಿತು. ನಾನು ಆ ಹುಡುಗನನ್ನು ಪಂದ್ಯಕ್ಕೆ ಕರೆದೊಯ್ಯುವಾಗ ಅವನಿಗೆ ಏನು ಬೇಕೆಂದು ಕೇಳಿದ್ದೆನೇ ಹೊರತು, ಅವನ ಮನೆಗೆ ಏನು ಬೇಕಾಗಿದೆ ಎಂದು ಒಂಬತ್ತನೇ ತರಗತಿಯ ಇಡೀ ವರ್ಷ ಕೇಳಿರಲಿಲ್ಲ. ಮಗ್ಗದ ಮೋಟಾರು ಮಾದರಿಗೆ ಎಲ್ಲಿಂದ ಬಂತೆಂದೂ ಕೇಳಿರಲಿಲ್ಲ.

ಹತ್ತನೇ ತರಗತಿ ಮುಗಿಸಿ ಅವನು ಡಿಪ್ಲೊಮಾಕ್ಕೆ ಸೇರಿದ. ಸಂಜೆ ಎರಡು ಗಂಟೆ ಬೇಕರಿಯಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದ. ನೀಲಿ ಹುಡುಗನಿಗೆ ಹಳದಿ ಮನೆಯ ಸಂಬಳ. ಬೆಂಗಳೂರು ಗೆದ್ದ ಮರುದಿನ ಚೇಟಾ ಅವನಿಗೆ ಟೀ ಕೊಡುವುದಿಲ್ಲವೆಂದು ಊರಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ. 2024ರ ಡಿಸೆಂಬರ್ ಮೊದಲ ವಾರ ನನಗೆ ಫೋನು ಮಾಡಿದ.

‘ಸಾರ್, ಶನಿವಾರ ಏಳನೇ ತಾರೀಕು ಕೇರಳ ಮ್ಯಾಚು. ನಿಮಗೆ ಒಂದು ಟಿಕೆಟ್ ತಗೊಂಡಿದೀನಿ. ಬರ್ಲೇಬೇಕು.’

‘ಎಷ್ಟು ಕೊಟ್ಟೆಯೋ?’

‘ಅದನ್ನ ಕೇಳ್ಬೇಡಿ ಸಾರ್. ನಾನು ಕೊಡ್ಸಿದ್ದು.’

ಹೋದೆ. ಆ ದಿನ ನಲವತ್ತು ವರ್ಷದ ಛೆಟ್ರಿ ಮೂರು ಗೋಲು ಹೊಡೆದ, 4–2ರಿಂದ ಬೆಂಗಳೂರು ಗೆದ್ದಿತು, ಎರಡೂ ಕಡೆಯವರು ಕೊನೆಯ ಸೀಟಿಯವರೆಗೆ ಆಡಿದರು. ಹೊರಡುವ ಮೊದಲು ಬಸ್ ನಿಲ್ದಾಣದಲ್ಲಿ ಬೇಕರಿಯ ಹುಡುಗ ಹಳದಿ ಅಂಗಿ ತೊಟ್ಟು ನಿಂತಿದ್ದ. ಮಗ ನನಗೆಂದು ಬಲವಂತವಾಗಿ ಕೊಟ್ಟಿದ್ದ ನೀಲಿ ಅಂಗಿ ನನ್ನ ಮೈಮೇಲಿತ್ತು. ನೇಕಾರರ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಬ್ಯಾಗಿನಿಂದ ಒಂದು ಬಿಳಿ ಅಂಗಿ ತೆಗೆದ.

‘ಸಾರ್, ಇದನ್ನ ಮೇಲೆ ಹಾಕ್ಕೊಳಿ. ಟಿಕೆಟ್ ಸಿಕ್ಕಿದ್ದು ಇವ್ರ ಕಡೆ ಸ್ಟ್ಯಾಂಡಲ್ಲೇ.’